ಮಾವನವರು ಬರ್ಗರ್ ತಿಂದ ಮಧ್ಯಾಹ್ನ

ನನಗೆ ಬರ್ಗರ್ ಅಂದರೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ನನ್ನ ವಯಸ್ಸಿನ ಹೆಂಗಸು, ಅದರಲ್ಲೂ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು, ಇಂಥ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಏನು ಸೇರುತ್ತದೆ ಎಂದು ಯಾರಾದರೂ ಕೇಳಿದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಂದು ಹೇಳಿ ಮುಗಿಸುತ್ತೇವೆ. ನನಗೂ ರೊಟ್ಟಿ ಬೇಕು. ಆದರೆ ದಿನಾ ನಸುಕಿನಲ್ಲಿ ಎದ್ದು ಇಪ್ಪತ್ತು ರೊಟ್ಟಿ ಬಡಿಯುವವಳಿಗೆ ರೊಟ್ಟಿಯ ಮೇಲಿರುವ ಪ್ರೀತಿಯೇ ಬೇರೆ, ಕೂತು ಉಣ್ಣುವವರಿಗೆ ಇರುವ ಪ್ರೀತಿಯೇ ಬೇರೆ. ಬೇರೆ ಯಾರೋ ಬೇಯಿಸಿ, ಬಿಸಿ ಇರುವಾಗಲೇ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಡುವ ಯಾವ ತಿನಿಸಾದರೂ ನನಗೆ ರುಚಿಯೇ. ಅವುಗಳಲ್ಲಿ ಬರ್ಗರ್ ಮೊದಲನೆಯದು.

ನಾನು ಹೋಗುವ ಅಂಗಡಿ ಸಾಂಗ್ಲಿಯಲ್ಲಿದೆ. ಹೆಸರು ಬೇಡ. ದೇಶದ ಯಾವ ಊರಿಗೆ ಹೋದರೂ ಅದೇ ಬೋರ್ಡು, ಅದೇ ಬಣ್ಣ, ಅದೇ ರುಚಿ ಸಿಗುವ ಅಂಗಡಿಗಳಲ್ಲಿ ಅದೂ ಒಂದು. ಜತ್ತದಿಂದ ಎಸ್‌ಟಿ ಬಸ್ಸಿನಲ್ಲಿ ಎರಡು ತಾಸಿನ ಮೇಲಿನ ದಾರಿ. ಶಾಲೆಯ ಕಾಗದಪತ್ರ, ತರಬೇತಿ, ದವಾಖಾನೆ, ಸೀರೆ ಖರೀದಿ, ನೆವ ಯಾವುದೇ ಇರಲಿ, ಸಾಂಗ್ಲಿಗೆ ಹೋದೆನೆಂದರೆ ಆ ಅಂಗಡಿಯಲ್ಲಿ ಕಾಲಿಡದೆ ಹಿಂತಿರುಗಿದವಳಲ್ಲ. ನಮ್ಮ ಮನೆಯವರಿಗೆ ಇದು ಗೊತ್ತು. ಸಾಂಗ್ಲಿಯಲ್ಲಿ ಕೆಲಸ ಇದೆ ಎಂದು ನಾನು ಹೇಳಿದ ಕೂಡಲೇ ಕೆಲಸ ಸಾಂಗ್ಲಿಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಎಂದು ಕೇಳುತ್ತಾರೆ.

ಅಲ್ಲಿ ನನ್ನ ರೂಢಿಗಳು ಗಟ್ಟಿ. ಆಲೂಗಡ್ಡೆಯ ಬರ್ಗರ್ ಒಂದು, ಸಣ್ಣ ಫ್ರೈಸ್ ಒಂದು, ಎಲ್ಲ ಮುಗಿದ ಮೇಲೆ ಒಂದು ಐಸ್‌ಕ್ರೀಮ್ ಕೋನ್. ಬರ್ಗರಿಗೆ ಆ ಬಿಳಿ ಸಾಸು ಬೇಡ, ಉಳ್ಳಾಗಡ್ಡಿ ಹೆಚ್ಚಿಗೆ ಹಾಕಿ ಎಂದು ಹೇಳುತ್ತೇನೆ. ಕೋಲ್ಡ್ರಿಂಕ್ ಮುಟ್ಟುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಈಗ ದೊಡ್ಡ ಪರದೆಯ ಮೇಲೆ ಬೆರಳೊತ್ತಿ ಬೇಕಾದ್ದನ್ನು ಆರಿಸುವ ಸೌಕರ್ಯ ಬಂದಿದೆ, ಅದರ ಗೊಡವೆಗೂ ನಾನು ಹೋಗುವುದಿಲ್ಲ. ಪಾಳಿ ಹಚ್ಚಿ ನಿಂತು ಮನುಷ್ಯರಿಗೇ ಹೇಳುತ್ತೇನೆ. ನನ್ನ ಪರ್ಸಿನಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ, ಅದರಲ್ಲಿ ಮನೆಯ ಶೇಂಗಾ ಹಿಂಡಿ. ಫ್ರೈಸ್ ಮೇಲೆ ಅದನ್ನು ಉದುರಿಸಿಕೊಂಡು ತಿಂದವರಿಗೇ ಅದರ ರುಚಿ ಗೊತ್ತು. ಹೊರಗಿನ ತಿನಿಸು ತರಬಾರದು ಎಂದು ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಹಿಂಡಿ ತಿನಿಸಲ್ಲ, ಬಾಯಿರುಚಿ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ನಮ್ಮ ಶಾಲೆಯಲ್ಲಿ ಪಾಠ ಹೇಳುವ ಇನ್ನೊಬ್ಬ ಬಾಯಾರು ಟೊಮೆಟೊ ಸಾಸಿನ ಪುಡಿಕೆಗಳನ್ನು ಮುಷ್ಟಿಗಟ್ಟಲೆ ತುಂಬಿಕೊಂಡು ಬರುತ್ತಾರೆ. ಆ ಕೆಲಸವನ್ನು ನಾನು ಮಾಡಿಲ್ಲ.

ಆ ಅಂಗಡಿಯನ್ನು ನಾನು ಮೆಚ್ಚಿಕೊಂಡದ್ದು ಬರೀ ರುಚಿಗೆ ಅಲ್ಲ. ನಮ್ಮ ಕಡೆಯ ಹೋಟೆಲುಗಳಲ್ಲಿ ಹೆಂಗಸರು ಒಳಗೆ ಬಂದರೆ ಮಾಲೀಕ ಮೊದಲು ಮಾಡುವ ಕೆಲಸ ಒಳಗಿನ ಫ್ಯಾಮಿಲಿ ರೂಮಿನ ಕಡೆ ಕೈ ತೋರಿಸುವುದು. ಪ್ಲೈವುಡ್ಡಿನ ನಾಲ್ಕು ಗೂಡು, ಪ್ರತಿ ಗೂಡಿಗೂ ಒಂದು ಪರದೆ, ಆ ಪರದೆಗೆ ಇದ್ದಬದ್ದವರೆಲ್ಲ ಒರೆಸಿದ ಕೈ. ಮಿಸಳದ ತಟ್ಟೆ ಇಟ್ಟು ಹೋಗುವವನು ಪರದೆಯನ್ನು ಎಳೆದು ಹೋಗುತ್ತಾನೆ. ಒಬ್ಬಳೇ ಹೋದರೆ ಇನ್ನು ಯಾರು ಬರುವವರಿದ್ದಾರೆ ಎಂದು ಕೇಳುತ್ತಾನೆ. ನಾನು ಮೊದಲ ಸಲ ಸಾಂಗ್ಲಿಯ ಆ ಅಂಗಡಿಗೆ ಹೋದದ್ದು ಶಿಕ್ಷಕರ ತರಬೇತಿಯ ಮಧ್ಯಾಹ್ನ, ಒಬ್ಬಳೇ, ಹೆದರುತ್ತ. ಯಾರೂ ಏನೂ ಕೇಳಲಿಲ್ಲ. ಗಾಜಿನ ಗೋಡೆಯ ಪಕ್ಕ, ರಸ್ತೆಗೆ ಮುಖ ಮಾಡಿ, ಎತ್ತರದ ಕುರ್ಚಿಗಳ ಒಂದು ಸಾಲು ಇತ್ತು. ಹತ್ತಿ ಕೂತೆ. ಹೊರಗೆ ರಿಕ್ಷಾಗಳು, ಕಬ್ಬಿನ ಟ್ರ್ಯಾಕ್ಟರು, ಹೋಗುವ ಬರುವ ಮಂದಿ. ಒಳಗೆ ನಾನು ಎಲ್ಲರಿಗೂ ಕಾಣುವಂತೆ ಬಾಯಿ ಅಗಲಿಸಿ ಬರ್ಗರ್ ಕಚ್ಚುತ್ತಿದ್ದೆ. ನಲವತ್ತರ ಹತ್ತಿರ ಬಂದ ಮೇಲೆ ಇಷ್ಟು ಸಂತೋಷ ಒಂದು ಕುರ್ಚಿಯಿಂದ ಸಿಗಬಹುದೆಂದು ನಾನು ಎಣಿಸಿರಲಿಲ್ಲ. ಅಂದಿನಿಂದ ಸಾಧ್ಯವಾದಾಗಲೆಲ್ಲ ಅದೇ ಸಾಲಿನಲ್ಲಿ ಕೂಡುತ್ತೇನೆ.

ಮಗಳು ಕಾಲೇಜಿಗೆ ಸಾಂಗ್ಲಿ ಸೇರಿದಾಗ ನನ್ನ ಈ ಚಟ ಅವಳಿಗೂ ಅಂಟಿತು. ಅವಳು ನನಗಿಂತ ಒಂದು ಹೆಜ್ಜೆ ಮುಂದೆ ಹೋದಳು. ಕಾಮರ್ಸ್ ಓದುತ್ತ, ದಿನದ ಕ್ಲಾಸು ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಕೆಲಸ ಹಿಡಿದಳು. ಹಿಡಿದಾದ ಮೇಲೆ ನನಗೆ ಫೋನ್ ಮಾಡಿದಳು. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಯಾಕೆ ಬೇಕಿತ್ತು ಎಂದು ಕೇಳಿದ್ದಕ್ಕೆ, ನಾಳೆ ದೊಡ್ಡ ಆಫೀಸಿನಲ್ಲಿ ನಾಲ್ಕು ಜನರ ಮುಂದೆ ಮಾತಾಡಬೇಕಲ್ಲ, ಇಲ್ಲಿ ದಿನಕ್ಕೆ ನಾನೂರು ಜನರ ಮುಂದೆ ಮಾತಾಡಿ ಅಂಜಿಕೆ ಬಿಡುತ್ತೇನೆ ಎಂದಳು. ಹುಡುಗಿಯ ಮಾತು ಸರಿ ಅನಿಸಿತು. ಆದರೆ ನಮ್ಮ ಮನೆಯಲ್ಲಿ ಸರಿ ಅನಿಸಬೇಕಾದದ್ದು ನನಗಲ್ಲ, ನಮ್ಮ ಮಾವನವರಿಗೆ.

ಮಾವನವರದ್ದು ಜತ್ತದ ಪೇಟೆಯಲ್ಲಿ ಕಾಳುಕಡಿ ಅಂಗಡಿ. ಯಳವಿಯಲ್ಲಿ ಹೊಲ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಕಡಿಮೆ. ಸುಳ್ಳು ತೂಕ ಇಡದ ಅಂಗಡಿ ಎಂದು ದರಿಬಡಚಿಯ ಕುರಿಗಾರರೂ ನಾಲ್ಕು ಅಂಗಡಿ ದಾಟಿ ಅವರಲ್ಲಿಗೇ ಬರುತ್ತಾರೆ. ಎಪ್ಪತ್ತು ದಾಟಿದರೂ ಬೆಳಗ್ಗೆ ಗಲ್ಲಾದ ಮೇಲೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಮಾಂಸ ಬೇಯುವ ಜಾಗದಲ್ಲಿ ಅವರು ನೀರೂ ಕುಡಿದವರಲ್ಲ. ಅವರ ಮುಂದೆ ಈ ವಿಷಯ ತೆಗೆಯಲು ನನಗೆ ಧೈರ್ಯ ಇರಲಿಲ್ಲ, ಮನೆಯವರನ್ನು ಮುಂದೆ ಮಾಡಿದೆ. ಅವರು ತಂದೆಯ ಹತ್ತಿರ, ಅಲ್ಲಿ ಶಾಕಾಹಾರದ ಅಡುಗೆಮನೆಯೇ ಬೇರೆ, ಪಾತ್ರೆಯೇ ಬೇರೆ, ಮಾಡುವವರು ಕಟ್ಟಿಕೊಳ್ಳುವ ಹಸಿರು ಬಟ್ಟೆಯೇ ಬೇರೆ, ಕೂಸು ಕಂಪ್ಯೂಟರಿನ ಮುಂದೆ ನಿಂತು ರೊಕ್ಕ ತೆಗೆದುಕೊಂಡು ಚೀಟಿ ಕೊಡುತ್ತಾಳೆ ಎಂದು ಹೇಳಿದರು. ಇದೆಲ್ಲ ನಿಜವೇ. ಆದರೆ ವ್ಯಾಪಾರಿಯ ಕಿವಿಗೆ ಅದು ಬೇರೆ ರೀತಿ ಬಿತ್ತು. ಅವರ ಲೆಕ್ಕದಲ್ಲಿ ರೊಕ್ಕಕ್ಕೆ ಕೈ ಹಚ್ಚುವವನು ಒಂದೋ ಮಾಲೀಕ, ಇಲ್ಲವೇ ಮಾಲೀಕನ ಮನೆಯವನು. ಮೊಮ್ಮಗಳು ಸಾಂಗ್ಲಿಯಂಥ ಊರಲ್ಲಿ ಗಲ್ಲಾದ ಮೇಲೆ ಕೂತಿದ್ದಾಳೆ ಎಂದು ಅವರು ಪೇಟೆಯ ತುಂಬ ಹೇಳಿಕೊಂಡು ಬಂದರು. ಅದನ್ನು ತಿದ್ದುವ ಗೋಜಿಗೆ ನಾವಿಬ್ಬರೂ ಹೋಗಲಿಲ್ಲ.

ಒಪ್ಪಿಗೆ ಕೊಡುವಾಗ ಅವರು ಒಂದು ಕರಾರು ಹಾಕಿದರು. ಅದನ್ನು ಹೇಳಿದ್ದು ನನಗೇ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಗಲ್ಲಾದ ಮ್ಯಾಲ ಕುಂದ್ರಲಿ, ಅಡಗಿ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಂದಿ ಎಂಜಲಕ್ಕ ನಮ್ಮ ಮನಿ ಕೂಸು ಕೈ ಹಚ್ಚಬಾರದು. ಹಚ್ಚಿದ ದಿವಸ ಕಾಲೇಜ ಬಿಡಿಸಿ ಕರಕೊಂಡ ಬರ್ತೀನಿ ತಂಗಿ, ಆವತ್ತ ಯಾರೂ ನಡಬರಕ ಬರಬ್ಯಾಡ್ರಿ."

ಹೂಂ ಎಂದೆ. ಮಾವನವರು ಹೇಳಿದ್ದನ್ನು ಮಾಡದೇ ಬಿಟ್ಟದ್ದನ್ನು ನಾನು ಕಂಡಿಲ್ಲ.

ತಿಂಗಳು ತುಂಬುವ ಮೊದಲೇ ಆ ಕರಾರು ಮುರಿದುಬಿದ್ದಿತ್ತು, ಅದು ನನ್ನ ಕಣ್ಣಿಗೇ ಬಿತ್ತು. ಒಂದು ಶನಿವಾರ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಮಗಳಿಲ್ಲ. ನೋಡಿದರೆ ಹಾಲ್‌ನಲ್ಲಿದ್ದಾಳೆ. ಯಾವುದೋ ದೊಡ್ಡ ಸಂಸಾರ ಉಂಡು ಎದ್ದು ಹೋದ ಮೇಜು. ಕಡಿದ ಕೋಳಿಯ ಎಲುಬು, ಚೆಲ್ಲಿದ ಕೋಲ್ಡ್ರಿಂಕ್, ಒದ್ದೆಯಾದ ಕಾಗದ. ಅದನ್ನೆಲ್ಲ ಟ್ರೇಯಲ್ಲಿ ಬಳಿದುಕೊಂಡು ಕಸದ ಡಬ್ಬಿಗೆ ಸುರಿದು, ಮೇಜಿಗೆ ಔಷಧಿಯ ನೀರು ಹೊಡೆದು ಒರೆಸುತ್ತಿದ್ದಳು. ಕೂತು ಉಣ್ಣುವ ಜಾಗಕ್ಕೆ ಅವರು ಲಾಬಿ ಅನ್ನುತ್ತಾರಂತೆ. ವಾರದಲ್ಲಿ ಎರಡು ದಿನ ಪ್ರತಿಯೊಬ್ಬರಿಗೂ ಲಾಬಿಯ ಪಾಳಿ, ಮ್ಯಾನೇಜರನೂ ಒರೆಸುತ್ತಾನೆ ಎಂದು ಅವಳು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು. ಇಷ್ಟು ವರ್ಷ ನಾನೂ ಉಂಡ ಟ್ರೇಯನ್ನು ಮೇಜಿನ ಮೇಲೇ ಬಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ಬಂದವಳೇ. ಅದನ್ನು ಯಾರದೋ ಮಗಳು ಎತ್ತುತ್ತಿದ್ದಳು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ಬಿಟ್ಟುಬಿಡು ಎಂದು ಹೇಳಬೇಕೆಂದುಕೊಂಡೆ. ಆದರೆ ಅವಳು ಕೆಲಸ ಮಾಡುವ ರೀತಿ ನೋಡುತ್ತ ನಿಂತುಬಿಟ್ಟೆ. ಮೂಗು ಮುರಿಯುವುದಿಲ್ಲ, ಅವಸರ ಇಲ್ಲ, ಒಂದು ಮೂಲೆಯಿಂದ ಶುರುಮಾಡಿ ಇನ್ನೊಂದು ಮೂಲೆಗೆ ಮುಗಿಸುತ್ತಾಳೆ. ಮುದುಕಿಯೊಬ್ಬಳು ಬಂದು ಕೂಡುವಾಗ ಕುರ್ಚಿ ಎಳೆದು ಕೊಟ್ಟಳು. ಮನೆಯಲ್ಲಿ ಹಾಸಿಗೆ ಮಡಿಚಲು ಹತ್ತು ಸಲ ಹೇಳಿಸಿಕೊಳ್ಳುತ್ತಿದ್ದ ಹುಡುಗಿ ಇವಳೇನಾ ಅನಿಸಿತು. ಬಸ್ಸಿನಲ್ಲಿ ಬರುವಾಗ, ಮಾವನವರಿಗೆ ಇದು ತಿಳಿಯಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಮನೆಯವರಿಗೂ ಹೇಳಲಿಲ್ಲ. ಹೀಗೆ ಮೂರು ತಿಂಗಳು ಕಳೆದವು.

ಆಮೇಲೆ ಮಾವನವರ ಕಣ್ಣು ಮಂಜಾಗತೊಡಗಿತು. ಮಿರಜಿನ ದವಾಖಾನೆಗೆ ತೋರಿಸಬೇಕು, ಅಂಗಡಿ ಬಿಟ್ಟು ಮನೆಯವರು ಬರುವಂತಿಲ್ಲ, ಹೀಗಾಗಿ ನಾನು ರಜೆ ಹಾಕಿ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಹಚ್ಚಿ ನೋಡಿ, ಪೊರೆ ಇನ್ನೂ ಬಲಿತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಹನಿಯಿಂದಾಗಿ ಸಂಜೆಯವರೆಗೆ ಸರಿಯಾಗಿ ಕಾಣುವುದಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ಎಂದೂ ಹೇಳಿದರು. ಕರಿ ಕನ್ನಡಕ ಹಾಕಿಕೊಂಡು ಹೊರಗೆ ಬಂದ ಮಾವನವರು ಜತ್ತದ ಬಸ್ಸಿನ ಕಡೆ ಹೊರಳಲಿಲ್ಲ. ಸಾಂಗ್ಲಿ ಇಲ್ಲೇ ಹತ್ತಿರ ಅಲ್ಲವೇ, ಕೂಸಿನ ಗಲ್ಲಾ ನೋಡಿಯೇ ಹೋಗೋಣ ಎಂದರು.

ಹೊತ್ತಾಗುತ್ತದೆ ಎಂದೆ. ಹೊತ್ತಾಗಲಿ ಎಂದರು. ಬಿಸಿಲು ಕಣ್ಣಿಗೆ ಒಳ್ಳೆಯದಲ್ಲ ಎಂದೆ. ಕನ್ನಡಕ ಇದೆಯಲ್ಲ ಎಂದರು. ಅಲ್ಲಿ ಕೋಳಿಯನ್ನೂ ಮಾಡುತ್ತಾರೆ ಎಂದು ಕೊನೆಯ ಬಾಣ ಬಿಟ್ಟೆ. ಅದು ಗೊತ್ತಿದ್ದೇ ಮೊಮ್ಮಗಳನ್ನು ಕಳಿಸಿಲ್ಲವೇ ಎಂದು ನನ್ನ ಬಾಯಿ ಮುಚ್ಚಿಸಿದರು. ಸಿಟಿ ಬಸ್ಸಿನಲ್ಲಿ ಕೂತು ಮಗಳಿಗೆ ಫೋನ್ ಹಚ್ಚಿದೆ. ಕೆಲಸದ ಹೊತ್ತಿನಲ್ಲಿ ಅವರು ಫೋನನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ, ಎತ್ತಲಿಲ್ಲ. ಅಂದು ಶುಕ್ರವಾರ. ಅವಳ ಲಾಬಿಯ ಪಾಳಿ ಯಾವ ಯಾವ ದಿನ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ನೆನಪಾಗಲಿಲ್ಲ. ಪಾಪಿ ನಾನು, ಮಾವನವರ ಕಣ್ಣಿಗೆ ಹನಿ ಹಾಕಿದ್ದೇ ಒಳ್ಳೆಯದಾಯಿತು ಎಂದು ಆ ಬಸ್ಸಿನಲ್ಲಿ ಕೂತು ಸಮಾಧಾನ ಪಟ್ಟೆ.

ಅಂಗಡಿಯ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ಅನ್ನ ಸಿಗುವ ಜಾಗ, ಮೇಲಾಗಿ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಚಪ್ಪಲಿ ಹಾಕಿ ಹೇಗೆ ತುಳಿಯುವುದು ಎಂದರು. ಕಾವಲಿನವನು ಮರಾಠಿಯಲ್ಲಿ, ಹಾಕಿಕೊಂಡೇ ಬನ್ನಿ ಅಜೋಬಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವನೇ ಆ ಚಪ್ಪಲಿಗಳನ್ನು ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ. ಒಳಗೆ ಹೋಗುತ್ತಲೇ ನಾನು ಅವರನ್ನು ಸೀದಾ ನನ್ನ ಗಾಜಿನ ಸಾಲಿಗೆ ಕರೆದೊಯ್ದು, ರಸ್ತೆಗೆ ಮುಖ, ಹಾಲ್‌ಗೆ ಬೆನ್ನು ಬರುವಂತೆ ಕೂರಿಸಿದೆ. ಇಲ್ಲಿ ಗಾಳಿ ಚಲೋ ಬರುತ್ತದೆ ಎಂದು ಹೇಳಿದೆ. ಆ ಗಾಜಿನ ಗೋಡೆಯಲ್ಲಿ ಒಂದು ಕಿಟಕಿಯೂ ಇಲ್ಲ.

ಕೌಂಟರಿಗೆ ಹೋಗಿ ನೋಡಿದೆ. ಮಗಳಿಲ್ಲ. ತಿರುಗಿದರೆ ಹಾಲ್‌ನ ಆ ತುದಿಯಲ್ಲಿ, ಟೋಪಿ ಹಾಕಿಕೊಂಡು, ನಮ್ಮ ಕಡೆ ಬೆನ್ನು ಮಾಡಿ ಮೇಜು ಒರೆಸುತ್ತಿದ್ದಳು. ಹೋಗಿ ಹೇಳೋಣವೆಂದರೆ ನನ್ನ ಹಿಂದೆ ಪಾಳಿ ಬೆಳೆದಿತ್ತು, ಮುಂದೆ ಕೌಂಟರಿನವಳು ಏನು ಬೇಕೆಂದು ಕೇಳುತ್ತಿದ್ದಳು. ಎರಡು ಆಲೂಗಡ್ಡೆಯ ಬರ್ಗರ್ ಹೇಳಿದೆ. ಒಂದನ್ನು ಅವರು ಮುಟ್ಟುವುದಿಲ್ಲ, ಮನೆಯವರಿಗೆ ಕಟ್ಟಿಸಿಕೊಂಡು ಹೋದರಾಯಿತು ಎಂದು ನನ್ನ ಲೆಕ್ಕ. ಬೇಗ ತಿಂದು ಅವರನ್ನು ಹೊರಗೆ ಸಾಗಿಸಬೇಕು, ಕೂಸಿಗೆ ಇವತ್ತು ರಜೆ ಎಂದು ಹೇಳಬೇಕು, ಇಷ್ಟೇ ನನ್ನ ಯೋಚನೆ.

ಎರಡು ಟ್ರೇಯಲ್ಲಿ ತಂದು ಇಟ್ಟಾಗ ಅವರು ಅದು ಏನು ಎಂದು ಕೇಳಿದರು, ಹೇಳಿದೆ. ಬೇಡದಿದ್ದರೆ ಬಿಡಿ ಎಂದೂ ಹೇಳಿದೆ.

"ಕೂಸು ಮಂದಿಗೆ ಉಣ್ಣಾಕ ನೀಡೂ ಜಾಗಾ ಇದು. ಬಂದ ಮ್ಯಾಲ ಬರೇ ಬಾಯಿಲೆ ಎದ್ದ ಹ್ವಾದ್ರ ಅಕಿಗೆ ಅವಮಾನ ಆಗತದ. ಕೈ ಎಲ್ಲಿ ತೊಳಕೋಬೇಕು ತೋರ್ಸು" ಎಂದರು.

ನಾನು ಅವರನ್ನು ಬಚ್ಚಲ ಕಡೆ ಕರೆದೊಯ್ಯುವಾಗ ಮಗಳಿರುವ ಬದಿಯನ್ನು ಬಿಟ್ಟು ಸುತ್ತುಬಳಸಿ ಹೋದೆ. ಕೈ, ಬಾಯಿ, ಕಾಲು ತೊಳೆದುಕೊಂಡರು. ಬಂದು ಕೂತು, ಜೇಬಿನಿಂದ ವಿಭೂತಿಯ ಗಟ್ಟಿ ತೆಗೆದು ಹಚ್ಚಿಕೊಂಡು, ಎದೆಯ ಮೇಲಿನ ಲಿಂಗಕ್ಕೆ ಕೈ ಇಟ್ಟು ಕಣ್ಣು ಮುಚ್ಚಿದರು. ಪಕ್ಕದಲ್ಲಿ ಕಾಲೇಜಿನ ಮೂವರು ಹುಡುಗಿಯರು ಜೋರಾಗಿ ಮಾತಾಡುತ್ತಿದ್ದವರು ತಾವಾಗಿಯೇ ಮೆತ್ತಗಾದರು. ಮೇಲೆ ಸ್ಪೀಕರಿನಲ್ಲಿ ಹಾಡು ಬಡಿಯುತ್ತಲೇ ಇತ್ತು. ಅವರು ಅವಸರವಿಲ್ಲದೆ ಕಣ್ಣು ತೆರೆದರು.

ಅವರು ಬರ್ಗರನ್ನು ಕಚ್ಚಲಿಲ್ಲ. ಮೇಲಿನ ಬನ್ನನ್ನು ಎತ್ತಿ ಪಕ್ಕಕ್ಕಿಟ್ಟು, ರೊಟ್ಟಿ ಮುರಿಯುವಂತೆ ಬಲಗೈಯಲ್ಲೇ ಒಂದು ತುಂಡು ಮುರಿದು, ಆಲೂಗಡ್ಡೆಯ ವಡೆಯನ್ನು ಪಲ್ಯದ ಹಾಗೆ ಅದಕ್ಕೆ ಹಿಡಿಸಿಕೊಂಡು ತಿಂದರು. ಹಾಗೆಯೂ ಅದನ್ನು ತಿನ್ನಬಹುದೆಂದು ನನಗೆ ಹೊಳೆದಿರಲಿಲ್ಲ. ಬನ್ನಿನ ಮೇಲಿನ ಎಳ್ಳು ಬೆರಳಿಗೆ ಸಿಕ್ಕಾಗ ಊಟ ನಿಲ್ಲಿಸಿದರು. ಕಾಳು ಪರೀಕ್ಷೆ ಮಾಡಲು ಅವರಿಗೆ ಕಣ್ಣು ಬೇಕಿಲ್ಲ. ನಾಲ್ಕು ಎಳ್ಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಒಂದನ್ನು ಮುಂದಿನ ಹಲ್ಲಿಗೆ ಕೊಟ್ಟು, ಚಲೋ ತೊಳೆದ ಎಳ್ಳು, ಮಣ್ಣಿಲ್ಲ, ಹೊಟ್ಟಿಲ್ಲ, ಈ ಅಂಗಡಿಯವರು ಮಾಲು ನೋಡಿ ತರುತ್ತಾರೆ ಎಂದು ತೀರ್ಮಾನ ಕೊಟ್ಟರು. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ನೀನು ಹಚ್ಚುವ ಎಳ್ಳು ಇದಕ್ಕಿಂತ ಕಮ್ಮಿಯದು ಎಂದು ನನಗೂ ಒಂದು ಕುಟುಕಿದರು. ಆ ಎಳ್ಳು ಬರುವುದು ಅವರದೇ ಅಂಗಡಿಯಿಂದ.

ಹೆದರಿಕೆಯಲ್ಲಿಯೂ ನನಗೆ ಅವರ ಮೇಲೆ ಅಭಿಮಾನ ಉಕ್ಕಿತು. ಎಪ್ಪತ್ತು ವರ್ಷದ ಕಟ್ಟನ್ನು ಮೊಮ್ಮಗಳ ಮರ್ಯಾದೆಗಾಗಿ ಬದಿಗಿಟ್ಟು ಕೂತಿದ್ದರು, ಅದನ್ನು ದೊಡ್ಡದು ಮಾಡಿ ಹೇಳಲೂ ಇಲ್ಲ. ಕಾಗದದ ಮೇಲೆ ಬಿದ್ದ ಎಳ್ಳನ್ನೆಲ್ಲ ಒದ್ದೆ ಬೆರಳಿನಿಂದ ತಡವಿ ತಡವಿ ಎತ್ತಿ ಬಾಯಿಗೆ ಹಾಕಿಕೊಂಡರು. ಮನೆಯಲ್ಲಾದರೆ ತಾಟು ತೊಳೆದು ಆ ನೀರನ್ನೂ ಕುಡಿಯುವವರು. ಇಲ್ಲಿ ತೊಳೆಯಲು ತಾಟಿಲ್ಲದ್ದಕ್ಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟ್ರೇಯ ನಡುವೆ ಇಟ್ಟರು. ನನ್ನ ಬರ್ಗರ್ ಇನ್ನೂ ಅರ್ಧ ಉಳಿದಿತ್ತು.

ಆಗ ನಮ್ಮ ಬೆನ್ನ ಹಿಂದಿನಿಂದ, ಆಯಿತೇ, ಎತ್ತಲೇ ಎಂದು ಮರಾಠಿಯಲ್ಲಿ ಯಾರೋ ಕೇಳಿದರು. ದನಿ ನನ್ನ ಮಗಳದ್ದು. ಬೆನ್ನು ಮಾತ್ರ ನೋಡಿ, ಯಾರೋ ಗಿರಾಕಿಗಳು ಎಂದುಕೊಂಡು ಬಂದಿದ್ದಳು. ಮಾವನವರು ಕನ್ನಡಕ ತೆಗೆದು ತಿರುಗಿದರು. ಮುಖ ಮಂಜಾಗಿ ಕಂಡಿರಬಹುದು, ಆದರೆ ದನಿಯ ಬಗ್ಗೆ ಅವರಿಗೆ ಅನುಮಾನ ಇರಲಿಲ್ಲ. ಅವಳ ಎಡಗೈಯಲ್ಲಿ ಒರೆಸುವ ಬಟ್ಟೆ, ಬಲಗೈ ಮೇಲೆ ಇನ್ನೊಂದು ಮೇಜಿನಿಂದ ಎತ್ತಿದ ಟ್ರೇ. ನಾನು ಏನೋ ಒಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ, ಕೈಯಲ್ಲಿ ಏನಿದೆ ಎಂದು ಅವಳನ್ನು ಕೇಳಿದರು.

ಅವಳು ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. "ಟ್ರೇ ಅಜ್ಜಾ. ಮಂದಿ ಉಂಡ ಬಿಟ್ಟದ್ದು. ಕೋಳಿ ಎಲುವೂ ಅದಾವ" ಎಂದಳು. ವಾರಕ್ಕೆ ಎರಡು ದಿನ ತನಗೆ ಈ ಪಾಳಿ ಇದೆ, ಶುರುವಿನಿಂದಲೂ ಇದೆ, ಅವ್ವನಿಗೂ ಗೊತ್ತು ಎಂಬುದನ್ನೂ ಹೇಳಿಬಿಟ್ಟಳು.

ಮಾವನವರು ನನ್ನ ಕಡೆ ನೋಡಲಿಲ್ಲ. "ನಮ್ಮ ಮನಿ ಹೆಣ್ಣಮಗಳು ಮಂದಿ ಎಂಜಲಾ ಎತ್ತಬೇಕೇನ?" ಎಂದರು. ದನಿ ಏರಿರಲಿಲ್ಲ. ಅವರ ದನಿ ಏರದಿದ್ದಾಗಲೇ ಮಾತು ಮುಗಿದಂತೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಗಳ ಕಾಲೇಜು, ಇನ್ನು ಬರಬೇಕಾದ ಪರೀಕ್ಷೆ, ಅವಳು ಅಂಜಿಕೆ ಬಿಟ್ಟು ಕಟ್ಟಿಕೊಳ್ಳುತ್ತಿದ್ದ ಬದುಕು, ಎಲ್ಲ ಆ ಟ್ರೇಯ ಮೇಲೆ ನಿಂತಿತ್ತು. ಸಂಜೆಯ ಬಸ್ಸಿಗೆ ಅವಳ ಗಂಟು ಕಟ್ಟಬೇಕಾಗುತ್ತದೆ ಎಂದೇ ನಾನು ತಿಳಿದೆ.

ಮಗಳು ಟ್ರೇಯನ್ನು ಕೆಳಗೆ ಇಡಲಿಲ್ಲ. ಎದುರುತ್ತರದ ಹಾಗೂ ಹೇಳಲಿಲ್ಲ, ಹೊತ್ತು ಎಷ್ಟಾಯಿತು ಎಂದು ಕೇಳಿದ್ದಕ್ಕೆ ಹೇಳುವ ಹಾಗೆ ಹೇಳಿದಳು.

"ಅಜ್ಜಾ, ಅವ್ವ ಇಪ್ಪತ್ತೆರಡ ವರ್ಷದಿಂದ ನಿ‌ನ್ನ ತಾಟ ಎತ್ತಾಕತ್ತಾಳ. ನಾ ಇಲ್ಲಿ ಎತ್ತಾಕ ಹತ್ತಿ ನಾಕ ತಿಂಗಳಾತು."

ಅವಳು ಹೇಳಿದ್ದು ನಿಜ. ನಾನು ಮದುವೆಯಾಗಿ ಬಾಲಗಾಂವದಿಂದ ಈ ಮನೆಗೆ ಬಂದ ಮರುದಿನ ಅತ್ತೆಯವರು ಆ ಕೆಲಸವನ್ನು ನನಗೆ ವಹಿಸಿದರು. ಮಾವನವರು ತಾಟು ತೊಳೆದು ನೀರು ಕುಡಿದು ಏಳುತ್ತಾರೆ, ಮನೆಯವರು ಏಳುತ್ತಾರೆ, ಮೈದುನ ಏಳುತ್ತಾನೆ. ತಾಟುಗಳು ಕೂತಲ್ಲೇ ಇರುತ್ತವೆ. ನಾನು ಎತ್ತಿ, ನೆಲ ಒರೆಸಿ, ಆಮೇಲೆ ಉಣ್ಣಲು ಕೂಡುತ್ತೇನೆ. ಅದು ಕೆಲಸವೆಂದು ಯಾರೂ ಲೆಕ್ಕ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ. ನನ್ನ ಮಗಳು ಇದನ್ನು ಯಾವಾಗ ನೋಡಿದಳು, ಎಷ್ಟು ವರ್ಷದಿಂದ ನೋಡುತ್ತಿದ್ದಳು ಎಂದು ಯೋಚಿಸಿ ನನಗೆ ಅಳು ಬಂದಿತು. ಸೆರಗಿನಿಂದ ಮೂಗು ಒರೆಸಿಕೊಂಡೆ.

ಮಾವನವರು ಗಾಜಿನ ಆಚೆ ರಸ್ತೆಯ ಕಡೆ ಮುಖ ಮಾಡಿದರು. ಅವರಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತು. ಆಮೇಲೆ ಮೊಮ್ಮಗಳಿಗೆ, ಈ ಎಂಜಲು ಸುರಿಯುವ ಡಬ್ಬಿ ಎಲ್ಲಿದೆ ಅಷ್ಟು ತೋರಿಸು, ನಿನ್ನ ಪಾಳಿ ಮುಗಿಸಿ ಮನೆಗೆ ಫೋನ್ ಮಾಡು ಎಂದರು. ಕೆಲಸ ಬಿಡು ಎಂಬ ಮಾತು ಬರಲಿಲ್ಲ. ಅಂದು ಬರಲಿಲ್ಲ, ಆಮೇಲೂ ಬರಲಿಲ್ಲ.

ಅವರು ಕುರ್ಚಿಯಿಂದ ಇಳಿದರು. ನಾನು ಕೂಡಲೇ ಇಳಿದು ಎರಡೂ ಟ್ರೇಗಳಿಗೆ ಕೈ ಹಾಕಿದೆ. ಅವರು ನನ್ನ ಟ್ರೇಯ ಮೇಲೆ ತಮ್ಮ ಅಂಗೈ ಇಟ್ಟರು.

"ಕುಂದ್ರ ಯವ್ವಾ. ನೀ ಉಣ್ಣೂದ ಇನ್ನಾ ಮುಗದಿಲ್ಲ. ಮುಗಸು, ನಾ ನಿಂದ್ರತೀನಿ."

ನಾನು ಕೂತೆ. ಅವರು ನಿಂತರು. ಆರಿದ ಬರ್ಗರಿನ ಉಳಿದ ಅರ್ಧವನ್ನು ನಾನು ತಿಂದು ಮುಗಿಸುವವರೆಗೂ, ಬರಿಗಾಲಲ್ಲಿ, ಒಂದು ಕೈ ಮೇಜಿಗೆ ಊರಿ, ಅವಸರ ಮಾಡದೆ ನಿಂತೇ ಇದ್ದರು. ನಾನು ಉಣ್ಣುವುದನ್ನು ಒಬ್ಬರು ಕಾದು ನಿಂತದ್ದು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಪ್ರತಿ ತುತ್ತೂ ಕಷ್ಟವಾಯಿತು, ಆದರೂ ಒಂದು ಚೂರೂ ಬಿಡದೆ ತಿಂದೆ. ಕಾಗದವನ್ನು ಅವರ ಹಾಗೆಯೇ ನಾಲ್ಕು ಮಡಿಕೆ ಮಾಡಿ ಇಟ್ಟೆ.

ಅವರು ನನ್ನ ಟ್ರೇಯನ್ನು ತಮ್ಮದರ ಮೇಲೆ ಇಟ್ಟುಕೊಂಡು ಎರಡನ್ನೂ ಎತ್ತಿದರು. ಸರಿಯಾಗಿ ಕಾಣದ್ದಕ್ಕೆ ಮೇಜುಗಳ ನಡುವೆ ಕಾಲಿನಿಂದ ದಾರಿ ತಡವುತ್ತ ಮೆಲ್ಲಗೆ ನಡೆದರು. ಮಗಳು ಮುಂದೆ ಹೋಗಿ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು. ನಾನು ಕೂತಲ್ಲೇ ಇದ್ದೆ, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ನಮ್ಮವರಲ್ಲಿ, ನಾನು ಉಂಡ ತಟ್ಟೆಯನ್ನು ನನ್ನ ಅವ್ವನ ನಂತರ ಎತ್ತಿದವರು ಅವರೊಬ್ಬರೇ.